ಬರಿದು ಮಾಡಿದ ಮಗ್ಗ

ನರಗುಂದ
18 ಸೆಪ್ಟೆಂಬರ್ 1955

ಚಿ. ಅನಂತನಿಗೆ,

ನರಗುಂದದ ಗುಡ್ಡಕ್ಕೆ ಕೇಳುವಷ್ಟು ಜೋರಾಗಿ ಆಶೀರ್ವಾದ. ಇನ್ನು ಆ ಗುಡ್ಡವೂ ಕಿವಿ ಮುಚ್ಚಿಕೊಳ್ಳಬೇಕು, ಅಂಥ ದನಿಯಲ್ಲಿ ಕೇಳುತ್ತೇನೆ: ಗಜೇಂದ್ರಗಡದಲ್ಲಿ ಏನು ಮಾಡಿಕೊಂಡು ಕೂತಿದ್ದೀ?

ಈ ಹೊತ್ತು ಮುಂಜಾನೆ ಲಾಡಸಾಬ ಬಂದಿದ್ದ. ಸೀರೆಯ ಗಂಟು ಹೆಗಲಿಗೇರಿಸಿ ಊರೂರು ತಿರುಗುವವನು, ನಿನ್ನ ಅವ್ವನಿಗೆ ಗಜೇಂದ್ರಗಡದ ಸೀರೆ ಬಿಚ್ಚಿ ತೋರಿಸದೆ ನಮ್ಮ ಕಟ್ಟೆ ಇಳಿದವನಲ್ಲ. ಈ ಸಲ ಗಂಟು ಬಿಚ್ಚಲೇ ಇಲ್ಲ. ನೀರು ಕುಡಿದ, ಗಡ್ಡ ಒರೆಸಿಕೊಂಡ, ನೆಲ ನೋಡುತ್ತ ಅಂದ: "ರಾಘಣ್ಣಾರ, ನಿಮ್ಮ ಅನಂತಪ್ಪ ಮ್ಯಾನೇಜರ್ ಆಗ್ಯಾನಲ್ಲ, ಆ ಅಂದಾನಪ್ಪ ಸಾವ್ಕಾರ್ರ ಕಾರ್ಖಾನಿಯೊಳಗ ಒಂದ ಮಗ್ಗನೂ ಸಪ್ಪಳ ಮಾಡವಲ್ದು. ಮಂದಿ ಏನೇನೋ ಮಾತಾಡತಾರ. ನನಗ್ಯಾಕ ಬೇಕ್ರಿ." ಇಷ್ಟು ಹೇಳಿ, ನನಗ್ಯಾಕ ಬೇಕು ಎಂದವನು ಗೇಟಿನ ತನಕ ಹೋಗಿ, ತಿರುಗಿ ಬಂದು ಮತ್ತೊಂದು ಮಾತು ಸೇರಿಸಿದ: "ಕತ್ತರಿ ಹಿಡಿಬಾರ್ದಿತ್ರಿ."

ಯಾವ ಕತ್ತರಿ? ಯಾರ ಮೇಲೆ?

ನಾನು ಅರ್ಧ ಆಯುಷ್ಯ ನಾಟಕ ಕಂಪನಿ ನಡೆಸಿದವನು. ಮುಖಕ್ಕೆ ಬಣ್ಣ ಹಚ್ಚಿಕೊಂಡವರು ಸಿಟ್ಟಿನಲ್ಲಿ ಹಾಗೇ ಮೋಟಾರ್ ಸ್ಟ್ಯಾಂಡಿಗೆ ನಡೆದದ್ದನ್ನು ಕಂಡಿದ್ದೇನೆ. ಅವರನ್ನು ಹಿಂದಕ್ಕೆ ಕರೆತಂದು, ಅದೇ ಬಣ್ಣದಲ್ಲಿ ರಂಗದ ಮೇಲೆ ನಿಲ್ಲಿಸಿದ್ದೇನೆ. ಮಂದಿಯನ್ನು ಆಳುವುದು ನನಗೆ ಹೊಸದಲ್ಲ. ಆದ್ದರಿಂದ ಮುಚ್ಚುಮರೆ ಬೇಡ. ಒಂದು ಪ್ರವೇಶವನ್ನೂ ಬಿಡದೆ ಬರೆ.

ಪರದೆಯ ಮುಂದೆ ಕಾಯುತ್ತಿರುವ,
ನಿನ್ನ ಅಪ್ಪ, ರಾಘಣ್ಣ


ಗಜೇಂದ್ರಗಡ
24 ಸೆಪ್ಟೆಂಬರ್ 1955

ತೀರ್ಥರೂಪ ಅಪ್ಪನವರಿಗೆ, ಅವ್ವನಿಗೆ ನಮಸ್ಕಾರ.

ಲಾಡಸಾಬ ಹೇಳಿದ್ದು ಖರೆ. ಮಗ್ಗಗಳು ನಿಂತಿವೆ. ನಿಲ್ಲಿಸಿದವನು ನಾನೇ.

ದೀಪಾವಳಿಗೆ ಕಳಿಸಬೇಕಾದ ಸೀರೆ ಬಹಳ ಇವೆ. ಕಳಕಪ್ಪ ಎಂಬವನು ಇಲ್ಲಿಯ ನೇಕಾರರಲ್ಲಿ ಮುಂದಿನವನು; ಅವನ ಕೈ ನಡೆದಂತೆ ಉಳಿದವರ ಕೈ ನಡೆಯುತ್ತದೆ. ಅವನೇ ದಿನಾಲೂ ತಡವಾಗಿ ಬರತೊಡಗಿದ. ಒಂದು ಮುಂಜಾನೆ ನಾನು ಗಡಿಯಾರ ಹಿಡಿದು ಅವನ ಮಗ್ಗದ ಮುಂದೆ ನಿಂತೆ.

"ಎಷ್ಟ ಗಂಟೆ ಈಗ?" ಎಂದೆ, ಎಲ್ಲರಿಗೂ ಕೇಳುವಂತೆ.

"ಹೊತ್ತಾಗೈತ್ರಿ."

"ಯಾಕ?"

"ಮನ್ಯಾಗ ತುಸು ಕೆಲಸಿತ್ರಿ."

"ಮನಿ ಎಲ್ಲಾರಿಗೂ ಐತಿ. ಏನ ಕೆಲಸ ಹೇಳು."

ಅವನು ಹೇಳಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ನನ್ನ ಮೈಗೆ ಸೂಜಿಯಂತೆ ಹೊಕ್ಕಿತು. ಕತ್ತರಿ ಎತ್ತಿಕೊಂಡು ಅವನ ಮಗ್ಗದ ಹಾಸನ್ನು, ಉದ್ದಕ್ಕೆ ಬಿಗಿದ ಎಳೆಗಳನ್ನೆಲ್ಲ, ಈ ಅಂಚಿನಿಂದ ಆ ಅಂಚಿಗೆ ಕತ್ತರಿಸಿದೆ. ಆ ಎಳೆಗಳು ತೂರಿ ಬರುವ ಹಣಿಗೆಯನ್ನು ತುಂಡು ಎಳೆಗಳ ಸಮೇತ ಬಿಚ್ಚಿಸಿ ಉಗ್ರಾಣಕ್ಕೆ ಒಗೆಸಿದೆ. ನಾಳೆಯಿಂದ ಈ ಮಗ್ಗ ಬೇರೆಯವರಿಗೆ, ಎಂದೆ.

ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಲಾಳಿ ಕೆಳಗಿಟ್ಟು ಹೊರಗೆ ನಡೆದರು.

ಮಾಡಿದ್ದೇನು ಎಂದು ಆಮೇಲೆ ತಿಳಿಯಿತು. ಇಲ್ಲಿ ಒಂದು ಹಾಸು ಮುಗಿಯುತ್ತ ಬಂದರೆ ಅದನ್ನು ಪೂರಾ ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಎನ್ನುತ್ತಾರೆ. ಹುಬ್ಬಳ್ಳಿಯ ತರಬೇತಿಯಲ್ಲಿ ಇದನ್ನು ಹೊತ್ತು ಉಳಿಸುವ ಉಪಾಯ ಎಂದು ಕಲಿಸಿದ್ದರು. ಕಳಕಪ್ಪನ ಮಗ್ಗದಲ್ಲಿ ಎಳೆಗೆ ಎಳೆ ಸೇರುತ್ತ ಬಂದದ್ದು ಅವನ ಅಪ್ಪ ಕೂತು ನೇಯುತ್ತಿದ್ದ ಕಾಲದಿಂದ. ಈ ಓಣಿಯಲ್ಲಿ ಮಗ್ಗ ಬರಿದು ಮಾಡುವುದು ಆ ಮನೆಯಲ್ಲಿ ಇನ್ನು ನೇಯುವವರೇ ಹುಟ್ಟುವುದಿಲ್ಲ ಎಂದಾದಾಗ ಮಾತ್ರವಂತೆ.

ಅವನ ಹೆಂಡತಿ ರೇಣುಕವ್ವ ತುಂಬಿದ ಬಸುರಿ. ಹಿಂದಿನ ಕೂಸುಗಳು ಉಳಿದಿಲ್ಲ. ಅವಳಿಗೆ ಕೊಡ ಎತ್ತಲು ಬಿಡದೆ ಮುಂಜಾನೆ ತಾನೇ ಬಾವಿಯಿಂದ ನೀರು ಹೊರುತ್ತಿದ್ದ. ಗಂಡಸು ಕೊಡ ಹೊತ್ತದ್ದನ್ನು ಸಾಲಿನ ಮುಂದೆ ಹೇಗೆ ಹೇಳಿಯಾನು? ನಕ್ಕವರು ನಕ್ಕದ್ದು ಅದಕ್ಕೆ. ನನಗಲ್ಲ.

ಈಗ ಹೆರಿಗೆಗೆಂದು ಗಂಡ ಹೆಂಡತಿ ಅವಳ ತವರು ಸವಡಿಗೆ ಹೋಗಿದ್ದಾರೆ. ಕಳಕಪ್ಪ ಕೂತರೆ ನಾವು ಕೂಡುತ್ತೇವೆ ಎಂದು ಉಳಿದವರ ಮಾತು. ಅಂದಾನಪ್ಪ ಸಾವುಕಾರರು ನಿನ್ನೆ ಬಂದು, "ದೀಪಾವಳಿ ತನಕಾ ನೋಡತೇನಿ. ಮಗ್ಗ ಸುರು ಆಗಲಿಲ್ಲಂದ್ರ ನಿಮ್ಮ ಹಾಸಿಗಿ ಸುತ್ತಕೊಳ್ರಿ" ಎಂದರು.

ಒಬ್ಬಾಕೆ ಮಾತ್ರ ದಿನಾಲೂ ಬರುತ್ತಾಳೆ. ಕಳಕಪ್ಪನ ತಾಯಿ ಮುದುಕವ್ವ. ಲಾಳಿಯ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಈಗ ಅದನ್ನೂ ಸುತ್ತುವುದಿಲ್ಲ. ಬರಿದಾದ ಮಗ್ಗದ ಪಕ್ಕ ಕೂತು ಸಂಜೆಗೆ ಎದ್ದು ಹೋಗುತ್ತಾಳೆ. ಹೊರಗೆ ಕಳಿಸು ಎಂದು ಕಾವಲಿನ ಮೋದಿನಸಾಬನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, "ನೀವ ಹೇಳ್ರಿ ಸಾಹೇಬ್ರ" ಎಂದ. ನನ್ನಿಂದಾಗಲಿಲ್ಲ.

ಏನು ಮಾಡಲಿ?

ಅನಂತ


ನರಗುಂದ
30 ಸೆಪ್ಟೆಂಬರ್ 1955

ಚಿ. ಅನಂತ,

ಪತ್ರವನ್ನು ನಡುಮನೆಯಲ್ಲಿ ನಿಂತು ಓದಿದೆ. ಕತ್ತರಿಯ ಜಾಗಕ್ಕೆ ಬಂದಾಗ ನನ್ನ ದನಿಗೆ ಮಾಳಿಗೆಯ ಮೇಲಿನ ಪಾರಿವಾಳ ಹಾರಿದವು.

ಕೇಳು. ಇದಕ್ಕೆ ಮದ್ದು ನನ್ನ ಹತ್ತಿರ ಇದೆ. ನಮ್ಮ ಕಂಪನಿ ರೋಣದಲ್ಲಿ ಬೀಡು ಬಿಟ್ಟಾಗ, ರಾಜನ ಪಾರ್ಟಿನ ನಟನಿಗೆ ನಾನು ಎಲ್ಲರೆದುರು ಒಂದು ಮಾತು ಅಂದೆ. ಅವನು ಕಿರೀಟ ಕಳಚಿ ಪೆಟ್ಟಿಗೆಯ ಮೇಲಿಟ್ಟು ಹೊರಟೇ ಹೋದ. ಟಿಕೀಟು ಮಾರಿಯಾಗಿತ್ತು, ಡೇರೆ ತುಂಬಿತ್ತು. ಮಾರನೆಯ ದಿನ ನಾನೇನು ಮಾಡಿದೆ ಗೊತ್ತೆ? ಅವನನ್ನು ಕರೆಸಿ, ತುಂಬಿದ ಸಭೆಯ ಎದುರು, ರಾಕ್ಷಸನ ಪೋಷಾಕಿನಲ್ಲೇ, ಗದೆ ಕೆಳಗಿಟ್ಟು ಉದ್ದಕ್ಕೆ ಅವನ ಕಾಲಿಗೆ ಬಿದ್ದೆ. ಡೇರೆಗೆ ಡೇರೆಯೇ ಎದ್ದು ನಿಂತಿತು. ಅವನು ಅದೇ ಸಂಜೆ ಬಣ್ಣ ಹಚ್ಚಿಕೊಂಡ.

ಯಜಮಾನಿಕೆ ಅಂದರೆ ಇದು, ಮಗನೆ. ಅವಮಾನವನ್ನು ಹತ್ತು ಮಂದಿಯ ಎದುರು ಮಾಡಿದ್ದರೆ ಕ್ಷಮೆಯನ್ನು ನೂರು ಮಂದಿಯ ಎದುರು ಕೇಳಬೇಕು. ಮೂಲೆಯಲ್ಲಿ ಪಿಸುಗುಟ್ಟಿದ ಕ್ಷಮೆ ಯಾರ ಕಿವಿಗೂ ಮುಟ್ಟುವುದಿಲ್ಲ. ಸವಡಿಗೆ ಹೋಗು. ಊರ ಮಂದಿ ಕೂಡುವ ಕಟ್ಟೆ ನೋಡು. ಎದೆಯಿಂದ ದನಿ ತೆಗೆ. ಬೀಳು.

ಅವ್ವನೂ ಏನೋ ಬರೆಯಬೇಕಂತೆ. ಕಾಗದದಲ್ಲಿ ಜಾಗ ಉಳಿದಿಲ್ಲ.

ಗೆದ್ದು ಬಾ.
ನಿನ್ನ ಅಪ್ಪ


ರೋಣ
13 ಅಕ್ಟೋಬರ್ 1955

ಅಪ್ಪಾ,

ಸವಡಿಯಿಂದ ನಡೆದು ಬಂದು ರೋಣದ ಮೋಟಾರ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಚಪ್ಪಲಿಯ ತುಂಬ ಎರೆಮಣ್ಣು. ತೊಳೆಯಬೇಕು ಅನಿಸುತ್ತಿಲ್ಲ.

ನೀವು ಹೇಳಿದಂತೆಯೇ ಮಾಡಿದೆ. ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಊರ ಹಿರಿಯರು ಕೂತಿದ್ದರು. ಕಳಕಪ್ಪ ತನ್ನ ಮಾವ ಶಿವನಪ್ಪನ ಪಕ್ಕದಲ್ಲಿದ್ದ. ತೊಳೆದ ಅಂಗಿ, ತಲೆಗೆ ರುಮಾಲು. ಏನೋ ಮಾತಿಗೆ ನಗುತ್ತಿದ್ದ. ನಾನು ಚಪ್ಪಲಿ ಬಿಟ್ಟು ಕೈಮುಗಿದು, ಕಟ್ಟೆಗೆಲ್ಲ ಕೇಳುವಂತೆ ಅಂದೆ: "ಕಳಕಪ್ಪಾ, ನಿನ್ನ ಮಗ್ಗ ಬರಿದ ಮಾಡಿದ ಪಾಪಿ ನಾನು. ಎಲ್ಲಾರ ಮುಂದ ನಿನ್ನ ಕಾಲಿಗೆ ಬೀಳತೇನಿ." ಬಿದ್ದೆ.

ಕಟ್ಟೆ ಏಳಲಿಲ್ಲ ಅಪ್ಪಾ. ನಾನು ತಲೆಯೆತ್ತುವಾಗ ಶಿವನಪ್ಪ ಅಳಿಯನ ಕಡೆ ತಿರುಗಿದ್ದ.

"ಅಳಿಯಾರ, ಏನಿದು? ಕಾರ್ಖಾನಿಗೆ ರಜಾ ಕೊಟ್ಟಾರ ಅಂದಿದ್ರಲ್ಲ."

ಆಗ ನನಗೆ ತಿಳಿಯಿತು. ಅವನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಎದುರು ಮನೆಯೇ ಅವರದು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಹೊನ್ನವ್ವ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ಮಗ್ಗ ಬರಿದ ಮಾಡ್ಯಾರ? ಹೊಟ್ಟಿ ತುಂಬಿದಾಕಿ ಮನ್ಯಾಗಿರಬೇಕಾರ?" ಎಂದಳು. ಕೂಗಲಿಲ್ಲ, ಕೇಳಿದಳು ಅಷ್ಟೇ. ಅವಳ ಬೆನ್ನ ಹಿಂದೆ ಕತ್ತಲೆಯಲ್ಲಿ ರೇಣುಕವ್ವ ನಿಂತಿದ್ದಳು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕೂತಳು.

ಕಳಕಪ್ಪ ನನ್ನ ತೋಳು ಹಿಡಿದು ಎಬ್ಬಿಸಿದ. ಊರ ಹೊರಗಿನ ಹಳ್ಳದ ತನಕ ಜತೆಗೆ ಬಂದ. ಅಲ್ಲಿ ನಿಂತು ಅಂದ:

"ಸಾಹೇಬ್ರ, ಈ ಮನ್ಯಾಗ ನಾ ಅಳಿಯಾ ಅಂತ ಉಣ್ಣಾಕತ್ತಿದ್ದೆ. ಇನ್ನ ಏನಂತ ಉಣ್ಣಲಿ?"

ಉತ್ತರಕ್ಕೆ ಕಾಯದೆ ಊರ ಕಡೆ ತಿರುಗಿ ನಡೆದ.

ನಾಚಿಕೆ ಯಾವುದಕ್ಕೆ ಗೊತ್ತೆ? ಅವನ ಕಾಲಿಗೆ ಬಿದ್ದ ಗಳಿಗೆಯಲ್ಲಿ ನನ್ನ ಎದೆ ಹಗುರಾಗಿತ್ತು. ಅವನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಆ ದನಿ ನಿಮ್ಮದು ಅಪ್ಪಾ, ನನ್ನದಲ್ಲ. ಇನ್ನು ಮೇಲೆ ನನಗೆ ಏನೂ ಹೇಳಿಕೊಡಬೇಡಿ.

ರೇಣುಕವ್ವನಿಗೆ ದಿನ ತುಂಬುತ್ತ ಬಂದಿವೆ. ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲರೂ ನನ್ನ ಕತ್ತರಿಯ ಹೆಸರೇ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ. ರೋಣದ ಡಾಕ್ಟರರನ್ನು ಕರೆದುಕೊಂಡು ಮತ್ತೆ ಸವಡಿಗೆ ಹೋಗಲೇ ಎಂದು ಕೂತು ಯೋಚಿಸುತ್ತಿದ್ದೇನೆ.

ಅನಂತ


ನರಗುಂದ
20 ಅಕ್ಟೋಬರ್ 1955

ಚಿ. ಅನಂತನಿಗೆ ಅವ್ವ ಬರೆಯುವುದು.

ನಿನ್ನ ಕಾಗದ ಬಂದ ದಿನದಿಂದ ಇವರು ದೊಡ್ಡ ದನಿ ತೆಗೆದಿಲ್ಲ. ಬಾಜೂ ಮನೆಯ ಲೀಲಾಬಾಯಿ ಬಂದು "ರಾಘಣ್ಣಾರು ಊರಾಗಿಲ್ಲೇನ್ರಿ?" ಎಂದು ಕೇಳಿ ಹೋದಳು. ಇವರು ಒಳಗೇ ಇದ್ದರು.

ನಿನಗೊಂದು ಮಾತು ಹೇಳಬೇಕು. ರಾಜನ ಪಾರ್ಟಿನವನು ಕಂಪನಿಯಲ್ಲಿ ಉಳಿದದ್ದು ತಾವು ಕಾಲಿಗೆ ಬಿದ್ದದ್ದಕ್ಕೆ ಎಂದು ಇವರು ನಿನ್ನೆಯ ತನಕ ತಿಳಿದಿದ್ದರು. ಆ ಆಟ ಮುಗಿದ ಮೇಲೆ ಅವನು ನಾನಿದ್ದ ಅಡುಗೆ ಡೇರೆಗೆ ಬಂದಿದ್ದ. ಗುಡಾರ ಪೂರ್ತಿ ಚಪ್ಪಾಳೆ ಹೊಡೆದದ್ದು ಇವರಿಗೆ, ತನಗಲ್ಲ. ಇನ್ನು ಉಳಿಯುವುದಿಲ್ಲ ಎಂದ. ನಾನು ದೇವರ ಬತ್ತಿ ಹೊಸೆಯುತ್ತಿದ್ದೆ. ಅವನ ಮುಂದೆಯೂ ಒಂದಿಷ್ಟು ಅರಳೆ ಇಟ್ಟೆ. ಹೊಸೆದ. ಅತ್ತ. ಮತ್ತೆ ಹೊಸೆದ. ಬಹಳ ಹೊತ್ತಾದ ಮೇಲೆ ಚಹಾ ಕೇಳಿದ. ನಾನು ಒಂದು ಮಾತೂ ಆಡಿರಲಿಲ್ಲ, ಆಮೇಲೆ ಯಾರ ಮುಂದೆಯೂ ಹೇಳಲೂ ಇಲ್ಲ. ಹೇಳಿದ್ದರೆ ಅವನು ಉಳಿಯುತ್ತಿರಲಿಲ್ಲ. ನಿನಗೆ ಬರೆಯುವ ಮೊದಲು ನಿನ್ನೆ ಇವರಿಗೆ ಹೇಳಿದೆ.

ಸವಡಿಗೆ ಹೋಗಬೇಡ. ನೀನು ಹೋದರೆ ಅವರು ಹಡೆಯುವವಳನ್ನು ಬಿಟ್ಟು ನಿನ್ನನ್ನು ಸಂಭಾಳಿಸಬೇಕಾಗುತ್ತದೆ. ಡಾಕ್ಟರರಿಗೆ ಒಂದು ಮಾತು ಹೇಳಿಡು, ನಿನ್ನ ಹೆಸರು ಎಲ್ಲಿಯೂ ಬರಬಾರದು ಅನ್ನು.

ಆ ಮುದುಕವ್ವ ಅಲ್ಲಿ ಯಾಕೆ ಕೂತಿರುತ್ತಾಳೆ ಎಂದು ಕೇಳಬೇಡ. ಬಾಜೂ ಕೂಡು.

ಹೊತ್ತಿಗೆ ಸರಿಯಾಗಿ ಉಣ್ಣು.

ಅವ್ವ, ಗಂಗಾಬಾಯಿ


ಗಜೇಂದ್ರಗಡ
8 ನವೆಂಬರ್ 1955

ಅವ್ವಾ,

ಕಾಗದದ ಮೇಲೆ ಬೂದಿಯ ಬೆರಳು ಮೂಡಿದ್ದರೆ ಸಿಟ್ಟಾಗಬೇಡ.

ಮುದುಕವ್ವನ ಬಾಜೂ ಕೂತೆ. ಮೊದಮೊದಲು ಆಕೆ ಸೆರಗು ಎಳೆದುಕೊಂಡು ಆ ಕಡೆ ಸರಿಯುತ್ತಿದ್ದಳು. ಸುಮ್ಮನೆ ಕೂಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಬಾಯಿಗೆ ಕ್ಷಮೆಯ ಮಾತು ಬರುತ್ತಲೇ ಇರುತ್ತದೆ, ನುಂಗಬೇಕು.

ಒಂದು ದಿನ ಎದ್ದು ಉಗ್ರಾಣಕ್ಕೆ ಹೋಗಿ ಆ ಹಣಿಗೆ ತಂದೆ. ನಾನು ಕತ್ತರಿಸಿದ ತುಂಡು ಎಳೆಗಳು ಅದರಲ್ಲಿ ಇನ್ನೂ ತೂರಿಕೊಂಡೇ ಇದ್ದವು. ನಾನು ಅದನ್ನು ಸುಟ್ಟಿರಬೇಕು ಎಂದು ಆಕೆ ತಿಳಿದಿದ್ದಳೇನೋ. ಕಂಡವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಹಣಿಗೆಯನ್ನು ಮಗ್ಗಕ್ಕೆ ಕಟ್ಟಿ, ಹೊಸ ಹಾಸು ಎಳೆದು, ಒಂದೊಂದೇ ಎಳೆ ಹೊಸೆಯತೊಡಗಿದೆ. ತರಬೇತಿಯಲ್ಲಿ ನೋಡಿದ್ದೆ, ಕೈಯಿಂದ ಮಾಡಿದವನಲ್ಲ. ಸೇರಿಸಿದ್ದು ಜಾರುತ್ತದೆ, ಮತ್ತೆ ಸೇರಿಸುತ್ತೇನೆ. ಆಕೆ ನೋಡುತ್ತ ಕೂತಳು. ಮಾರನೆಯ ದಿನ ಮನೆಯಿಂದ ಒಂದು ತೆಂಗಿನ ಪರಟಿಯಲ್ಲಿ ಒಲೆಯ ಬೂದಿ ತಂದು ನನ್ನ ಕಡೆ ಸರಿಸಿದಳು.

"ಒಣಾ ಕೈ ಜಾರತೈತಿ," ಎಂದಳು. ಆಕೆ ನನ್ನ ಜತೆ ಆಡಿದ ಮೊದಲ ಮಾತು.

ಇವತ್ತು ಮಧ್ಯಾಹ್ನ ಮೋದಿನಸಾಬ ಓಡುತ್ತ ಬಂದ. ರೇಣುಕವ್ವನಿಗೆ ಮೊನ್ನೆಯಿಂದ ಹೆರಿಗೆಯ ಬ್ಯಾನಿ. ಸವಡಿಯ ಸೂಲಗಿತ್ತಿ ಕೈಬಿಟ್ಟಳಂತೆ, ಚಕ್ಕಡಿಯಲ್ಲಿ ರೋಣದ ದವಾಖಾನಿಗೆ ಒಯ್ದಿದ್ದಾರೆ. ಹಳ್ಳದ ದಾರಿ ಕೆಸರು, ಚಕ್ಕಡಿ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ನಾನು ಮುದುಕವ್ವನ ಕಡೆ ನೋಡಿದೆ. "ನೀವು ಹೋಗೂದಿಲ್ಲೇನ್ರಿ? ಮೋಟಾರ್ ಐತಿ ಇನ್ನೂ."

"ನಾ ಎದ್ದರ ಈ ಮಗ್ಗದ ಹತ್ರ ನಮ್ಮ ಮನೀವರು ಯಾರದಾರ?" ಎಂದಳು. ಇಷ್ಟು ದಿನ ಯಾಕೆ ಕೂತಿದ್ದಳು ಎಂದು ಆಗ ತಿಳಿಯಿತು.

ಅದೇ ಹೊತ್ತಿಗೆ ಅಂದಾನಪ್ಪ ಸಾವುಕಾರರು ಬಂದರು. ನನ್ನ ಕೈ ನೋಡಿದರು.

"ನಿಮ್ಮನ್ನ ಮ್ಯಾನೇಜರ್ ಅಂತ ಇಟ್ಕೊಂಡೇನಿ, ಮುದುಕಿ ಜೋಡಿ ದಾರ ಹೊಸ್ಯಾಕಲ್ಲ. ಹಬ್ಬ ಬಾಗಲಿಗೆ ಬಂತು."

"ಹಾಸಿಗಿ ಸುತ್ತಿಟ್ಟೇನ್ರಿ," ಎಂದೆ. "ಈ ಹಾಸ ಮುಗಿಸಿ ಹೊಂಡತೇನಿ."

ಅವರು ಮುದುಕವ್ವನನ್ನು ನೋಡಿ ಹೊರಟು ಹೋದರು.

ರೋಣದಿಂದ ಇನ್ನೂ ಸುದ್ದಿ ಇಲ್ಲ. ನಾನು ಹೋಗಿಲ್ಲ ಅವ್ವಾ. ಇಲ್ಲೇ ಇದ್ದೇನೆ.

ಅನಂತ


ಗಜೇಂದ್ರಗಡ
19 ನವೆಂಬರ್ 1955

ಅಪ್ಪಾ, ಅವ್ವಾ,

ಹೆಣ್ಣು ಕೂಸು. ಬಾಣಂತಿ ಬಹಳ ಸೋತಿದ್ದಾಳೆ, ಆದರೆ ಎದ್ದು ಕೂಡುತ್ತಾಳೆ. ಡಾಕ್ಟರರು ನನ್ನ ಹೆಸರು ಹೇಳಿಲ್ಲ.

ಹಬ್ಬದ ಮರುದಿನ ನಾನು ಎಳೆ ಕೆಚ್ಚುತ್ತ ಹಾಸಿನ ಕೊನೆಯ ಅಂಚಿಗೆ ಬಂದಿದ್ದೆ. ಬಾಗಿಲಿಗೆ ಯಾರೋ ನಿಂತು ಬೆಳಕು ಕಡಿಮೆಯಾಯಿತು. ಕಳಕಪ್ಪ. ನಾನು ಎದ್ದು ಗೋಡೆಗೆ ಸರಿದೆ. ಅವನು ನನ್ನ ಕಡೆ ನೋಡಲಿಲ್ಲ. ತಾಯಿಯ ಪಕ್ಕ ಕೂತು, ನಾನು ಕೆಚ್ಚಿದ ಎಳೆಗಳ ಮೇಲೆ ಅಂಗೈ ಆಡಿಸಿದ. ಒಂದನ್ನು ಬೆರಳಿಗೆ ಹಿಡಿದು ಜಗ್ಗಿದ. ಬಿಚ್ಚಿತು. ಮತ್ತೊಂದು, ಬಿಚ್ಚಿತು. ಖಾಲಿ ಕಾರ್ಖಾನೆಯಲ್ಲಿ ಎಳೆ ಹರಿಯುವ ಸಪ್ಪಳ ಎಷ್ಟು ದೊಡ್ಡದು. ನಾನು ದಿನವಿಡೀ ಬೆನ್ನು ಬಗ್ಗಿಸಿ ಮಾಡಿದ್ದನ್ನು ಅವನು ಸಾಲಾಗಿ ಹರಿಯುತ್ತ ಬಂದ. ಪೂರಾ ಹರಿದು ಎದ್ದು ಹೋಗುತ್ತಾನೆ ಎಂದೇ ತಿಳಿದೆ. ಬೇಡ ಅನ್ನುವ ಹಕ್ಕು ನನಗಿರಲಿಲ್ಲ.

ನಡುಮಧ್ಯಕ್ಕೆ ಬಂದಾಗ ಮುದುಕವ್ವ ಅವನ ಕೈ ಮೇಲೆ ತನ್ನ ಕೈ ಇಟ್ಟಳು.

"ಇಲ್ಲಿಂದ ಮುಂದಿನವು ಬೂದಿ ಹಚ್ಚಿ ಮಾಡ್ಯಾನೋ ತಮ್ಮಾ. ನೋಡು."

ಅವನು ಜಗ್ಗಿದ. ನಿಂತಿತು. ಇನ್ನೊಂದು ಜಗ್ಗಿದ. ಅದೂ ನಿಂತಿತು. ಆಮೇಲೆ ಪರಟಿ ತನ್ನ ಕಡೆ ಎಳೆದುಕೊಂಡು, ಹರಿದವನ್ನು ತಾನೇ ಹೊಸೆಯತೊಡಗಿದ.

ಮಾರನೆಯ ದಿನ ಲಾಳಿಯ ಸಪ್ಪಳ ಓಣಿಗೆ ಕೇಳಿತು. ಒಬ್ಬೊಬ್ಬರಾಗಿ ಬಂದು ಕೂತರು. ಹಬ್ಬದ ಮಾಲು ಹಬ್ಬಕ್ಕೆ ಮುಟ್ಟಲಿಲ್ಲ. ಸಾವುಕಾರರು ನನ್ನ ಹಾಸಿಗೆಯ ಮಾತು ಎತ್ತಿಲ್ಲ, ನಾನೂ ಇನ್ನೂ ಬಿಚ್ಚಿಲ್ಲ. ಕಳಕಪ್ಪ ನನ್ನ ಜತೆ ಮಾತಾಡುವುದಿಲ್ಲ. ಮಗ್ಗಗಳ ನಡುವೆ ಹಾಯ್ದರೆ ಎಲ್ಲರ ಕಣ್ಣೂ ನನ್ನ ಕೈಯ ಮೇಲೆ ಇರುತ್ತವೆ.

ಅನಂತ


ಗಜೇಂದ್ರಗಡ
13 ಡಿಸೆಂಬರ್ 1955

ಅಪ್ಪಾ, ಅವ್ವಾ,

ಬಾಣಂತಿ, ಕೂಸು ಇಬ್ಬರೂ ಊರಿಗೆ ಬಂದಿದ್ದಾರೆ.

ಇವತ್ತು ಮುಂಜಾನೆ ಕಳಕಪ್ಪ ತಡವಾಗಿ ಬಂದ. ಅಂದಿನಷ್ಟೇ ತಡ. ಅವನು ಬಾಗಿಲು ದಾಟುತ್ತಿದ್ದಂತೆ ಒಂದು ಲಾಳಿ ನಿಂತಿತು. ಅದರ ಬಾಜೂದ್ದು ನಿಂತಿತು. ಕೊನೆಗೆ ಎಲ್ಲವೂ. ನಾನು ಅವನ ಮಗ್ಗದ ಹತ್ತಿರವೇ ಇದ್ದೆ. ಕಿಸೆಯಲ್ಲಿ ಗಡಿಯಾರ ಟಿಕಟಿಕ ಅನ್ನುವುದು ನನಗೇ ಕೇಳುತ್ತಿತ್ತು. ಕಳಕಪ್ಪ ನಿಂತ, ತಲೆ ತಗ್ಗಿಸಲಿಲ್ಲ.

ಅವನ ಕಣ್ಣು ಕೆಂಪಗಿದ್ದವು. ಅಂಗಿಯ ಹೆಗಲ ಮೇಲೆ ಹಾಲು ಕಕ್ಕಿದ ಕಲೆ ಇತ್ತು. ಈ ಸಲ ನೋಡಿದೆ.

ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಂತೆ ಅಂದೆ: "ಕೂಸು ಮಲಗಸಿಕೊಡಲಿಲ್ಲೇನು?"

ಅವನು ನನ್ನನ್ನು ನೋಡಿದ. ಆಮೇಲೆ, ನಾನು ಮೆಲ್ಲಗೆ ಕೇಳಿದ್ದಕ್ಕೆ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟ:

"ಎಲ್ಲೀದ್ರಿ ಸಾಹೇಬ್ರ. ನಿಮ್ಮಂಗ, ಗಂಟಿ ನೋಡಿ ಚೀರತೈತಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಈ ಸಲ ಆ ನಗು ನನ್ನ ಮೇಲೆಯೇ. ಎಲ್ಲರೂ ನನ್ನ ಮುಖ ನೋಡಿದರು. ನನಗೂ ನಗು ಬಂತು. ಮುದುಕವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, "ನಗೂದ ಸಾಕು, ಕೂಡ್ರೋ" ಎಂದು ಎಲ್ಲರನ್ನೂ ಗದರಿಸಿದಳು. ಅವರಲ್ಲಿ ನಾನೂ ಒಬ್ಬ.

ಮಗ್ಗ ನಡೆಯುತ್ತಿವೆ. ಹಾಸಿಗೆ ಬಿಚ್ಚಿದೆ.

ಅನಂತ


ನರಗುಂದ
18 ಡಿಸೆಂಬರ್ 1955

ಚಿ. ಅನಂತ,

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅಡುಗೆಮನೆಯಲ್ಲಿ ಕೂತು, ಮೆಲ್ಲಗೆ. ಪಾರಿವಾಳ ಹಾರಲಿಲ್ಲ.

ಆ ರಾಜನ ಪಾರ್ಟಿನವನು ಅವತ್ತು ಎಲ್ಲಿ ಕೂತಿದ್ದ ಎಂದು ಕೇಳಿದೆ. ಒಲೆಯ ಬಲಕ್ಕೆ ಎಂದಳು. ಈಗ ನಾನೂ ನಮ್ಮ ಒಲೆಯ ಬಲಕ್ಕೇ ಕೂತಿದ್ದೇನೆ. ಏನೋ ದೊಡ್ಡ ಮಾತು ಬರೆಯಬೇಕೆಂದು ಲೆಕ್ಕಣಿಕೆ ಎತ್ತಿದ್ದೆ. ಅವಳು ಒಂದಿಷ್ಟು ಅರಳೆ ತಂದು ಮುಂದಿಟ್ಟು, ಬೂದಿಯ ಬಟ್ಟಲನ್ನು ನನ್ನ ಕಡೆ ಸರಿಸಿದ್ದಾಳೆ.

ಕಾಗದದಲ್ಲಿ ಜಾಗ ಬಹಳ ಉಳಿದಿದೆ. ಅದು ಅವ್ವನದು.

ಅಪ್ಪ